ಗಾಳಿ ಬೀಸುವುದು ಆಷಾಢದಲ್ಲಿ, ಕರೆಂಟು ಬೇಕಾಗುವುದು ಮಾರ್ಚಿನಲ್ಲಿ

ಗದಗದಿಂದ ಕಪ್ಪತಗುಡ್ಡದ ಕಡೆ ಹೋದರೆ ಸಾಲು ಸಾಲು ಗಾಳಿ ಫ್ಯಾನುಗಳು. ಆಷಾಢದಲ್ಲಿ ನೋಡಬೇಕು ಅವುಗಳ ಅಬ್ಬರ. ಆದರೆ ಆಗ ಮಳೆಗಾಲ, ಪಂಪ್‌ಸೆಟ್ಟುಗಳಿಗೆ ಜಾಸ್ತಿ ಕೆಲಸ ಇರುವುದಿಲ್ಲ. ರಾಜ್ಯಕ್ಕೆ ಕರೆಂಟು ಸಾಲದೆ ಹೋಗುವುದು ಮಾರ್ಚಿನ ಹೊತ್ತಿಗೆ. ಆಗ ಬಿಸಿಲು ಬೇಕಾದಷ್ಟು, ಗಾಳಿ ಕಡಿಮೆ. ಆ ಬಿಸಿಲೂ ಸಂಜೆ ಆರಕ್ಕೆ ಖಲಾಸ್.

ಬ್ಯಾಟರಿಯಲ್ಲಿ ತುಂಬಿಟ್ಟುಕೊಂಡರಾಯಿತು ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಮಧ್ಯಾಹ್ನ ತುಂಬಿಸಿ ರಾತ್ರಿ ಬಳಸುವ ಬ್ಯಾಟರಿ ವರ್ಷಕ್ಕೆ 365 ಸಲ ದುಡಿಯುತ್ತದೆ. ಅದೇ ಬ್ಯಾಟರಿಯನ್ನು ಆಷಾಢದಲ್ಲಿ ತುಂಬಿಸಿ ಮಾರ್ಚಿಗೆ ತೆಗೆದರೆ ದುಡಿಯುವುದು ಒಂದೇ ಸಲ. ಹಾಕಿದ ದುಡ್ಡು ಅಷ್ಟೇ, ಆದರೆ ಒಂದೊಂದು ಯೂನಿಟ್ ಮೇಲೆ ಬೀಳುವ ಬಂಡವಾಳದ ಭಾರ 365 ಪಟ್ಟು. ಹಾಗಾಗಿ ಸಂಜೆಯ ನಾಲ್ಕು ತಾಸಿಗೆ ಬ್ಯಾಟರಿ ಸೈ, ಹಂಗಾಮಿನಿಂದ ಹಂಗಾಮಿಗೆ ಆಗದ ಮಾತು.

ನೀರನ್ನು ಮೇಲಿನ ಕೆರೆಗೆ ಎತ್ತಿಟ್ಟು ಬೇಕಾದಾಗ ಇಳಿಸಿ ಟರ್ಬೈನ್ ತಿರುಗಿಸಬಹುದಲ್ವಾ? ಖಂಡಿತ. ಶರಾವತಿ ಕಣಿವೆಗೆ ಇಂಥದ್ದೇ 2000 ಮೆಗಾವಾಟ್ ಯೋಜನೆ ಹಾಕಿದ್ದಾರೆ, ಕಾಡು ಹಾಳಾಗುತ್ತದೆ ಅಂತ ವಿರೋಧವೂ ಇದೆ. ಆದರೆ ಒಂದು ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯಲ್ಲಿರುವ 3 ಯೂನಿಟ್ಟಿಗೆ ಸಮನಾಗಬೇಕಾದರೆ ಸುಮಾರು 11,000 ಲೀಟರ್, ಅಂದರೆ ನಮ್ಮ ಓಣಿಗೆ ಬರುವಂಥ ಎರಡು ಟ್ಯಾಂಕರ್ ನೀರನ್ನು, 100 ಮೀಟರ್ ಎತ್ತರದಲ್ಲಿ ಇಟ್ಟಿರಬೇಕು. ಎತ್ತಿ ಇಳಿಸುವಾಗ ಐದರಲ್ಲೊಂದು ಪಾಲಾದರೂ ಸೋರಿ ಹೋಗುತ್ತದೆ.

ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ಅಗ್ಗದ ದಾರಿ ಕರೆಂಟು ಇದ್ದಾಗಲೇ ಬಳಸಿಬಿಡುವುದು. ರೈತರ ಪಂಪ್‌ಸೆಟ್ಟಿಗೆ ಬೇಕಾಗುವ ತ್ರೀ ಫೇಸ್ ಕರೆಂಟನ್ನು ಹಗಲಲ್ಲೇ ಕೊಟ್ಟರೆ ಬಿಸಿಲಿನ ಕರೆಂಟು ನೀರಾಗಿ ಕೃಷಿ ಹೊಂಡದಲ್ಲಿ ಕೂರುತ್ತದೆ. ಅದಕ್ಕೆ ಬ್ಯಾಟರಿ ಬೇಡ, ನಡುರಾತ್ರಿ ಬ್ಯಾಟರಿ ಹಿಡಿದು ಹಾವಿಗೆ ಹೆದರುತ್ತ ಹೊಲಕ್ಕೆ ಹೋಗುವುದೂ ಬೇಡ!

ಗಾಡಿಗಳ ವಿಷಯದಲ್ಲಿ ನನಗೆ ಭರವಸೆ ಜಾಸ್ತಿ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರಲು 40 ಕಿಲೋಮೀಟರ್. ಸ್ಕೂಟರಿಗೆ ಒಂದೂಕಾಲು ಯೂನಿಟ್ ಸಾಕು, ಹತ್ತು ರೂಪಾಯಿ ಆಸುಪಾಸು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಥರ ಗೊತ್ತಾದ ದಾರಿಯಲ್ಲೇ ಓಡಿ ರಾತ್ರಿ ಡಿಪೋ ಸೇರುವ ಬಸ್ಸಿಗೂ ಬ್ಯಾಟರಿ ಹೊಂದುತ್ತದೆ. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ದೂರ ಹೋಗುವ ಲಾರಿ ಮಾತ್ರ ಬೇರೆ. 300 ಕಿಲೋಮೀಟರ್ ಓಡಬೇಕೆಂದರೆ ಬ್ಯಾಟರಿಯೇ ಎರಡು ಟನ್ ದಾಟುತ್ತದೆ, ಅಷ್ಟು ಮಾಲಿನ ಬಾಡಿಗೆ ಖೋತಾ. ಲಾರಿಯವರು ಸದ್ಯಕ್ಕೆ ಡೀಸೆಲ್ ಬಿಡುವುದಿಲ್ಲ, ಬಿಡಿ ಅನ್ನುವುದೂ ನ್ಯಾಯ ಅಲ್ಲ.

ಇನ್ನೊಂದು ಸಣ್ಣ ಪೇಚು ಇದೆ. ಸ್ಕೂಟರ್ ಇರುವವರೆಲ್ಲ ಸಂಜೆ ಏಳಕ್ಕೆ ಮನೆಗೆ ಬಂದು ಚಾರ್ಜಿಗೆ ಹಾಕುತ್ತೇವೆ. ಸೂರ್ಯ ಹೋಗಿ, ಮನೆ ಮನೆಯಲ್ಲಿ ಲೈಟು ಟಿವಿ ಶುರುವಾಗುವ ಹೊತ್ತದು. ಆಫೀಸಿನ, ಕಾಲೇಜಿನ ಪಾರ್ಕಿಂಗಿನಲ್ಲಿ ಮಾಮೂಲಿ 5 ಆಂಪ್ ಪ್ಲಗ್ ಪಾಯಿಂಟ್ ಹಾಕಿಸಿ ಒಂದು ಮೀಟರ್ ಕೂರಿಸಿದರೆ ಸಾಕು, ಮಧ್ಯಾಹ್ನ ಊಟ ಮುಗಿಸಿ ಒಂದೆರಡು ತಾಸು ಕೆಲಸ ಮಾಡುವಷ್ಟರಲ್ಲಿ ಆ ಒಂದೂಕಾಲು ಯೂನಿಟ್ ಬಿಸಿಲಿನಿಂದಲೇ ತುಂಬಿರುತ್ತದೆ.