ನಿವೃತ್ತಿ: ‘ವೃತ್ತಿ ಇಲ್ಲ’ ಅಂತಲ್ಲ

ಮೇ ತಿಂಗಳ ಕೊನೆ ಬಂತೆಂದರೆ ದಾವಣಗೆರೆಯಲ್ಲಿ ಬೀಳ್ಕೊಡುಗೆಯ ಸುಗ್ಗಿ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡ ತಲೆಮಾರು ಅದು. ತಿಂಗಳ ಒಂದನೇ ತಾರೀಕು ಹುಟ್ಟಿದ ಸರ್ಕಾರಿ ನೌಕರರಿಗೆ ಹಿಂದಿನ ತಿಂಗಳ ಕೊನೇ ದಿನವೇ ಸೇವೆ ಮುಗಿಯುತ್ತದೆ. ಹಾಗಾಗಿ ಮೇ 31ಕ್ಕೆ ಸಾಲುಸಾಲಾಗಿ ಹಾರ, ಶಾಲು. ಹಾರಕ್ಕೆ ನನ್ನ ತಕರಾರಿಲ್ಲ, ಭಾಷಣಕ್ಕಿದೆ. ‘ನಿ ಅಂದರೆ ಇಲ್ಲ, ವೃತ್ತಿ ಅಂದರೆ ಕೆಲಸ’ ಅಂತ ಒಬ್ಬರಾದರೂ ಬಿಡಿಸಿ ಹೇಳುತ್ತಾರೆ. ಈ ವರ್ಷ ಮೂರನೇ ಸಲ ಕೇಳಿದೆ.

ಹಾಗಾದರೆ ‘ನಿವಾಸ’ ಅಂದರೆ ಯಾರೂ ವಾಸ ಇಲ್ಲದ ಮನೆಯಾ? ಇಲ್ಲ ಅನ್ನುವ ಅರ್ಥ ಕೊಡುವುದು ‘ನಿರ್’. ನಿರ್ಧನ, ನಿರ್ಜನ ನೋಡಿ. ‘ನಿ’ ಬೇರೆಯೇ. ಅದು ಒಳಗೆ, ಕೆಳಗೆ, ಹಿಂದಕ್ಕೆ ಅನ್ನುವ ಛಾಯೆಯದ್ದು. ಇನ್ನು ಮೂಲ ಧಾತು ‘ವೃತ್’, ಅಂದರೆ ತಿರುಗು, ನಡೆ. ಅದೇ ಬೇರಿನಿಂದ ವೃತ್ತ, ವರ್ತನೆ, ಆವೃತ್ತಿ ಬಂದವು. ‘ವೃತ್ತಿ’ಯೂ ಅಲ್ಲಿಂದಲೇ ಬಂತು, ಆದರೆ ಅದು ನಿವೃತ್ತಿಯ ತಾಯಿಯಲ್ಲ, ಅಕ್ಕ. ಮುಂದಕ್ಕೆ ತೊಡಗುವುದು ಪ್ರವೃತ್ತಿ, ಹಿಂದಕ್ಕೆ ತಿರುಗುವುದು ನಿವೃತ್ತಿ. ಸಂಬಳ, ಪಿಂಚಣಿ ಇದರೊಳಗೆ ಸೇರಿದ್ದು ಎಷ್ಟೋ ಆಮೇಲೆ. ಕಚೇರಿ ಭಾಷೆ ಬೇಕೇ ಬೇಕಾದರೆ ‘ವಯೋನಿವೃತ್ತಿ’ ಅನ್ನಿ. ಆ ವಯಸ್ಸು ರಾಜ್ಯ ಸರ್ಕಾರದಲ್ಲಿ ಈಗ 60, 2008ಕ್ಕೆ ಮುಂಚೆ 58.

ಸುಮ್ನೆ ವ್ಯಾಕರಣದ ಜಗಳ ಇದಲ್ಲ. ತಪ್ಪು ಅರ್ಥ ತಲೆಯಲ್ಲಿ ಕೂತರೆ ‘ಹಂತ ಹಂತದ ನಿವೃತ್ತಿ’, ಅಂದರೆ ಕೆಲಸವನ್ನು ಒಮ್ಮೆಗೇ ಬಿಡದೆ ಸ್ವಲ್ಪ ಸ್ವಲ್ಪವೇ ಇಳಿಸಿಕೊಳ್ಳುವುದು, ತಮಾಷೆಯಾಗಿ ಕೇಳುತ್ತದೆ. ಕೆಲಸ ಇದೆಯೋ ಇಲ್ಲವೋ, ನಡುವೆ ಎಂಥ ಹಂತ, ಅಲ್ವಾ? ಆದರೆ ದುಡಿಯುವವರಿಗೆ ವಯಸ್ಸಾಗುವುದನ್ನೇ ಓದಿ ಬರೆದು ಬದುಕು ಕಳೆದ ಪ್ರಾಧ್ಯಾಪಕರಿದ್ದಾರೆ. ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ 2005ರಲ್ಲಿ ಇದಕ್ಕೇ ಅಂತ ಸ್ಲೋನ್ ಕೇಂದ್ರ ಶುರುವಾಯಿತು. ವೇಳೆ ಕಡಿಮೆ ಮಾಡುವುದು, ಜಾಗ ಬದಲಿಸುವುದು, ಕೆಲಸದ ಬಗೆ ಬದಲಿಸುವುದು, ಇವನ್ನೇ ಅವರು ಫ್ಲೆಕ್ಸಿಬಿಲಿಟಿ ಅನ್ನುವುದು. ಸ್ವೀಡನ್ 1976ರಲ್ಲೇ ಅರೆ ಕೆಲಸ, ಅರೆ ಪಿಂಚಣಿ ಕೊಟ್ಟು ನೋಡಿತ್ತು. ಜಪಾನಿನಲ್ಲಿ 2021ರಿಂದ, 70ರವರೆಗೆ ಕೆಲಸಕ್ಕೆ ಅವಕಾಶ ಕೊಡಲು ಕಂಪನಿಗಳು ಪ್ರಯತ್ನಿಸಬೇಕು ಅಂತ ಕಾನೂನೇ ಹೇಳುತ್ತದೆ.

ನಮ್ಮ ಕಡೆ ಇದಕ್ಕೆ ಹೆಸರಿಲ್ಲ, ಅಷ್ಟೇ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಕಣ್ಣು ಮಂಜಾದ ಅಜ್ಜ ಮಗ್ಗದಿಂದ ಎದ್ದು ರಾಟೆ ಮುಂದೆ ಕೂರುತ್ತಾನೆ. ಅಂಚಿನ ಲೆಕ್ಕ ತಪ್ಪಿದರೆ ಅಲ್ಲಿಂದಲೇ ಬೈಯುತ್ತಾನೆ. ಮಂಡಕ್ಕಿ ಭಟ್ಟಿಯವರಿಗೆ ಮಾತ್ರ ಈ ಹಂತಗಳಿಲ್ಲ. ಬೆಂಕಿ ಎದುರು ನಿಲ್ಲಲು ಆಗದ ದಿನ ಕೂಲಿಯೂ ನಿಂತಿತು. ಭಾಷಣದವರ ಅರ್ಥ ಸರಿಹೋಗುವುದು ಅಲ್ಲೊಂದೇ, ಆದರೆ ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ.

ನಾನು ಹೋಗುವ ಬೆಣ್ಣೆ ದೋಸೆ ಹೋಟೆಲಿನ ಯಜಮಾನರಿಗೆ ಎಪ್ಪತ್ತು ದಾಟಿದೆ. ಸೌದೆ ಒಲೆ ಮಗನ ಪಾಲಾಗಿದೆ, ಇವರು ಗಲ್ಲಾಕ್ಕೆ ತಿರುಗಿದ್ದಾರೆ. ಭಾನುವಾರ ರಷ್ ಜಾಸ್ತಿಯಾದರೆ ಎದ್ದು ಹೋಗಿ ಎರಡು ಕಾವಲಿ ಹೊಯ್ದು, ಕೈ ಒರೆಸಿಕೊಂಡು ಬಂದು ಚಿಲ್ಲರೆ ಎಣಿಸುತ್ತಾರೆ.