ಪದ ಪರಿಚಯ: ಸೈನಿಕೀಕರಣ

ಯುದ್ಧಕ್ಕೂ ಯುದ್ಧದ ತಯಾರಿಗೂ ಜಾಗ ಬೇಕು, ಹಣ ಬೇಕು, ಕಟ್ಟುನಿಟ್ಟಿನ ನಿಯಮ ಬೇಕು, ಗುಟ್ಟು ಬೇಕು. ಇವೆಲ್ಲ ಸೈನಿಕರಲ್ಲದ ಜನರ ದಿನನಿತ್ಯದ ಬದುಕಿನೊಳಗೆ ಬಂದು ನೆಲೆಯೂರುವುದಕ್ಕೆ ಸೈನಿಕೀಕರಣ ಎನ್ನುತ್ತಾರೆ. ಮಿಲಿಟರೀಕರಣ ಅಂತಲೂ ಬರೆಯುವುದುಂಟು. ಇದಕ್ಕೆ ಯುದ್ಧ ನಡೆಯಲೇಬೇಕು ಅಂತೇನಿಲ್ಲ. ಮುಂದೆ ಯಾವತ್ತೋ ಯುದ್ಧ ಬಂದೀತು ಎಂಬ ಲೆಕ್ಕಾಚಾರ ಸಾಕು. ಯುದ್ಧವನ್ನು ಹಾಡಿ ಹೊಗಳುವ ಮನಸ್ಸಿಗೂ ಇದಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಯುದ್ಧವೇ ಬೇಡ ಎನ್ನುವವರ ಮನೆ, ಗದ್ದೆ, ಬಲೆಯನ್ನೂ ಸೈನಿಕೀಕರಣ ಮುಟ್ಟುತ್ತದೆ.

ಕರ್ನಾಟಕದಲ್ಲಿ ಈ ಪದವನ್ನು ಅರ್ಥ ಮಾಡಿಕೊಳ್ಳಲು ಕಾರವಾರಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನಗನಿಸುತ್ತದೆ. ಗುಂಡಿನ ಸದ್ದು ಇಲ್ಲಿನ ಕಡಲಿಗೆ ಹೊಸದಲ್ಲ. 1961ರ ನವೆಂಬರಿನಲ್ಲಿ, ಆಗ ಗೋವಾ ಆಳುತ್ತಿದ್ದ ಪೋರ್ಚುಗೀಸರು ಇಲ್ಲಿಗೆ ಹತ್ತಿರದ ಅಂಜುದೀವ್ ದ್ವೀಪದಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳು ಮೀನುಗಾರರೊಬ್ಬರು ಅವರ ಗುಂಡಿಗೆ ಸತ್ತರು. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ಆ ದ್ವೀಪಕ್ಕೆ ಇಳಿಯಿತು. ಅಲ್ಲಿ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟರು. ಆದರೆ ಊರಿನ ಬದುಕು ನಿಜವಾಗಿ ಬದಲಾಗಿದ್ದು ಆಗಲ್ಲ, ಅದೆಲ್ಲ ಮುಗಿದು ಎಷ್ಟೋ ವರ್ಷಗಳ ಮೇಲೆ.

1971ರ ಯುದ್ಧದ ನಂತರ ನೌಕಾಪಡೆಗೆ ಒಂದು ವಿಷಯ ಮನದಟ್ಟಾಯಿತು. ಪಶ್ಚಿಮದ ಹಡಗುಗಳೆಲ್ಲ ಮುಂಬೈಯಲ್ಲೇ ಇದ್ದರೆ ಕಷ್ಟ. ಅಲ್ಲಿ ವ್ಯಾಪಾರದ ಹಡಗುಗಳದೇ ನೂಕುನುಗ್ಗಲು. ಮೇಲಾಗಿ ಅದು ಪಾಕಿಸ್ತಾನಕ್ಕೆ ಹತ್ತಿರ. ಬೆನ್ನಿಗೆ ಗುಡ್ಡ, ಎದುರಿಗೆ ಆಳದ ನೀರು, ಅಡ್ಡಕ್ಕೆ ದ್ವೀಪ ಇರುವ ಜಾಗ ಬೇಕಾಗಿತ್ತು. ಅದು ಕಾರವಾರದ ದಕ್ಷಿಣಕ್ಕೆ ಸಿಕ್ಕಿತು. ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ ಮುಂದಿಟ್ಟ ಈ ಯೋಜನೆಯ ಹೆಸರು ಸೀಬರ್ಡ್. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ಐಎನ್ಎಸ್ ಕದಂಬ ನೌಕಾನೆಲೆ ಶುರುವಾಯಿತು. ಕಾರವಾರ, ಅಂಕೋಲಾ ತಾಲೂಕುಗಳ ಸುಮಾರು 11 ಸಾವಿರ ಎಕರೆ ಇದಕ್ಕೆ ಹೋಯಿತು. 4 ಸಾವಿರಕ್ಕೂ ಜಾಸ್ತಿ ಕುಟುಂಬಗಳು ಮನೆ ಬಿಟ್ಟವು.

ಶಂಕುಸ್ಥಾಪನೆಗೂ ಉದ್ಘಾಟನೆಗೂ ನಡುವೆ ಹೆಚ್ಚುಕಡಿಮೆ 19 ವರ್ಷ. ಈ ಅಂತರದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. 1990ರ ದಶಕದ ಆರಂಭದಲ್ಲಿ ಸರ್ಕಾರದ ಬಳಿ ಹಣ ಇಲ್ಲದೆ ಕೆಲಸ ನಿಧಾನವಾಯಿತು. ಇವತ್ತಲ್ಲ ನಾಳೆ ಬಿಡಬೇಕಾದ ಜಾಗದಲ್ಲಿ ಹೊಸ ಕೋಣೆ ಯಾರು ಕಟ್ಟುತ್ತಾರೆ? ಫಲ ಬರಲು ಏಳೆಂಟು ವರ್ಷ ಬೇಕಾಗುವ ತೆಂಗಿನ ಸಸಿಯನ್ನು ಯಾರು ನೆಡುತ್ತಾರೆ? ಮಗಳ ಮದುವೆಗೆ ಆ ಜಮೀನಿನ ಮೇಲೆ ಸಾಲ ಯಾರು ಕೊಡುತ್ತಾರೆ? ಹಡಗು ಬರುವ ಎಷ್ಟೋ ಮೊದಲೇ ಹಳ್ಳಿಗಳ ಬದುಕು ಹೀಗೆ ನಿಂತು ಹೋಗಿತ್ತು. ಸೈನಿಕೀಕರಣ ಜನರ ಜಾಗವನ್ನು ಮಾತ್ರ ಕೇಳುವುದಿಲ್ಲ, ಕಾಲವನ್ನೂ ಕೇಳುತ್ತದೆ.

ಕಡಲಿನವರ ನಷ್ಟ ಇನ್ನೊಂದು ತರಹದ್ದು. ರಂಪಣಿ ಬಲೆ ಗೊತ್ತಲ್ವಾ? ದೋಣಿಯಲ್ಲಿ ಬಲೆಯನ್ನು ಅರ್ಧವೃತ್ತದಂತೆ ಬಿಟ್ಟು ಬಂದು, ಎರಡೂ ತುದಿಯನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯುವ ಬಲೆ ಅದು. ಅದಕ್ಕೆ ಉದ್ದದ ಮರಳ ದಂಡೆ ಬೇಕು. ಮೀನಿನ ಹಿಂಡು ಬಂದದ್ದು ಕಾಣುವಷ್ಟು ಹತ್ತಿರ ಮನೆ ಇರಬೇಕು. ಕೂಗಿದರೆ ಓಡಿ ಬರುವ ಕೇರಿ ಇರಬೇಕು. ಒಣಮೀನು ಹರಡಲು ಜಾಗ ಬೇಕು. ಅರ್ಗಾ, ಬಿಣಗಾ ಕಡೆಯ ದಂಡೆ ಬೇಲಿಯೊಳಗೆ ಹೋದಾಗ ಇಷ್ಟೂ ಒಟ್ಟಿಗೆ ಹೋಯಿತು. ಮುದಗಾದಲ್ಲಿ ಮೀನುಗಾರಿಕಾ ಬಂದರು ಕಟ್ಟಿದರು, ಪುನರ್ವಸತಿ ಕಾಲೊನಿಗಳಾದವು, ನಿಜ. ಆದರೆ ಪರಿಹಾರದ ಲೆಕ್ಕ ಗುಂಟೆಯಲ್ಲಿ ನಡೆಯುತ್ತದೆ. ಕಡಲನ್ನು ಯಾವ ಮೀನುಗಾರನೂ ತನ್ನ ಹೆಸರಿಗೆ ಬರೆಸಿಕೊಂಡಿರುವುದಿಲ್ಲ. ಅವನು ಕಳೆದುಕೊಂಡಿದ್ದಕ್ಕೆ ಪಹಣಿಯೇ ಇಲ್ಲ.

ಗುಂಟೆ ಲೆಕ್ಕದವರ ದಾರಿಯೂ ಸುಲಭದ್ದಾಗಿರಲಿಲ್ಲ. ಕಾರವಾರ ಕಡೆ ನಿರಾಶ್ರಿತರ ಮನೆಗಳಲ್ಲಿ ‘ಇಪ್ಪತ್ತೆಂಟು ಎ’ ಎಂಬ ಮಾತು ಎಷ್ಟೋ ವರ್ಷ ಓಡಾಡಿತು. ಅದು 1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ ಸೇರಿಸಿದ ಕಲಮು. ಕೋರ್ಟಿಗೆ ಹೋದ ಒಬ್ಬರಿಗೆ ಪರಿಹಾರ ಹೆಚ್ಚಿದರೆ, ಅದೇ ಅಧಿಸೂಚನೆಯಲ್ಲಿ ಜಮೀನು ಬಿಟ್ಟುಕೊಟ್ಟು ಕೋರ್ಟಿಗೆ ಹೋಗದೇ ಉಳಿದವರೂ ಮೂರು ತಿಂಗಳೊಳಗೆ ಅರ್ಜಿ ಹಾಕಿ ಆ ದರವನ್ನೇ ಕೇಳಬಹುದಿತ್ತು. ಓದು ಬರಹ ಬಾರದ ಅಜ್ಜಿಗೂ ಕಾಯ್ದೆಯ ಕಲಮಿನ ನಂಬರ್ ಬಾಯಿಪಾಠ ಆಗುವುದಿದೆಯಲ್ಲ, ಸೈನಿಕೀಕರಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

2008ರ ನವೆಂಬರಿನ ಮುಂಬೈ ದಾಳಿಯ ನಂತರ ಇದು ಬೇಲಿಯನ್ನೂ ದಾಟಿತು. ದಾಳಿಕೋರರು ಬಂದದ್ದು ಕುಬೇರ ಎಂಬ ಮೀನುಗಾರಿಕಾ ಬೋಟನ್ನು ವಶ ಮಾಡಿಕೊಂಡು. ಅಲ್ಲಿಂದ ಮುಂದೆ ದೇಶದ ಪ್ರತಿ ಬೋಟಿನ ಮೇಲೂ ಕಣ್ಣು ಬಿತ್ತು. ಮೀನುಗಾರರಿಗೆ ಗುರುತಿನ ಚೀಟಿ ಬಂತು. ಬೋಟಿನ ನೋಂದಣಿ ಬಿಗಿಯಾಯಿತು. ಕರಾವಳಿ ಕಾವಲು ಪೊಲೀಸರ ಬಲ ಹೆಚ್ಚಿತು. ‘ಸಾಗರ ಕವಚ’ ಹೆಸರಿನ ಅಣಕು ಕಾರ್ಯಾಚರಣೆ ಈಗಲೂ ಆಗಾಗ ನಡೆಯುತ್ತದೆ. ಅದರಲ್ಲಿ ಒಂದು ತಂಡ ದಾಳಿಕೋರರಂತೆ ದೋಣಿಯಲ್ಲಿ ಬರುತ್ತದೆ, ಇನ್ನೊಂದು ಹಿಡಿಯುತ್ತದೆ. ಅಪರಿಚಿತ ಬೋಟು ಕಂಡರೆ ತಿಳಿಸಿ ಅಂತ ಮೀನುಗಾರರಿಗೆ ಹೇಳಿಕೊಡುತ್ತಾರೆ. ಹೀಗೆ ಸಂಬಳವಿಲ್ಲದ ಕಾವಲಿನ ಕೆಲಸವೂ ಅವರ ಪಾಲಿಗೆ ಬಂತು. ಅವರು ಅದನ್ನು ಮನಸಿಟ್ಟು ಮಾಡುತ್ತಾರೆ.

ಕೊಟ್ಟಿದ್ದೂ ಇದೆ, ಅದನ್ನು ಮುಚ್ಚಿಡಬಾರದು. 2020ರಲ್ಲಿ ಕೊರೊನಾ ಬಂದಾಗ ಜಿಲ್ಲೆಯ ಮೊದಲ ರೋಗಿಗಳನ್ನು ನೋಡಿಕೊಂಡಿದ್ದು ನೌಕಾಪಡೆಯ ಪತಂಜಲಿ ಆಸ್ಪತ್ರೆ. ಆ ದಿನಗಳ ಹೆದರಿಕೆ ನೆನಪಿರುವವರಿಗೆ ಅದರ ಬೆಲೆ ಗೊತ್ತು. ಗುತ್ತಿಗೆ ಕೆಲಸ, ಅಂಗಡಿ ವ್ಯಾಪಾರ, ಮನೆ ಬಾಡಿಗೆ ಅಂತ ಪೇಟೆಗೂ ದುಡ್ಡು ಬರುತ್ತದೆ.

ಇನ್ನು ಕೆಲವು ನಮಗೆ ಗೊತ್ತೇ ಆಗದ ಹಾಗೆ ಒಳಗೆ ಬಂದಿವೆ. ನಮ್ಮಲ್ಲಿ ರೇಷನ್ ಪದ್ಧತಿ ಶುರುವಾಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಇವತ್ತಿನ ಬೋಟುಗಳಲ್ಲಿರುವ ಜಿಪಿಎಸ್ ಅಮೆರಿಕದ ಸೇನೆ ತನಗಾಗಿ ಮಾಡಿಕೊಂಡಿದ್ದು. ಮೀನಿನ ಹಿಂಡು ತೋರಿಸುವ ಫಿಶ್ ಫೈಂಡರ್ ಕೆಲಸ ಮಾಡುವುದು, ಜಲಾಂತರ್ಗಾಮಿ ಹುಡುಕಲು ಬಳಸುವ ಸೋನಾರಿನ ಹಾಗೆಯೇ, ಶಬ್ದದ ಪ್ರತಿಧ್ವನಿಯಿಂದ. ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ಬಳಕೆಯಾದ ನೈಲಾನ್ ಆಮೇಲೆ ಬಲೆಯ ನೂಲಾಯಿತು. ನೌಕಾಪಡೆಗೆ ದಂಡೆ ಬಿಟ್ಟುಕೊಟ್ಟ ಮೀನುಗಾರ ಇವತ್ತು ಸೇನೆಗಳ ಬಳಕೆಯಲ್ಲಿ ಪಳಗಿದ ಸಾಮಾನು ಹಿಡಿದೇ ಮೀನಿಗೆ ಹೋಗುತ್ತಾನೆ.

ಮನಸ್ಸಿಗೆ ಸಂಬಂಧಿಸಿದ ಭಾಗವೂ ಇದೆ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಸೇವೆ ಮುಗಿಸಿದ ಚಪಲ್ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಶಾಲೆ ಮಕ್ಕಳು ಪ್ರವಾಸಕ್ಕೆ ಬಂದರೆ ಅದನ್ನು ನೋಡದೆ ಹೋಗುವುದಿಲ್ಲ. ಹತ್ತಿರದಲ್ಲೇ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆ ಇದೆ. 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ, ಶತ್ರುಗಳ ಗುಂಡಿನ ನಡುವೆ ನೆಲಬಾಂಬ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು ಅವರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು. ಅವರ ಮನೆತನದ ಊರು ಇಲ್ಲೇ, ನೌಕಾನೆಲೆಯ ಮಗ್ಗುಲಿನ ಚೆಂಡಿಯಾ. ಅವರ ಬಗ್ಗೆ ಹೆಮ್ಮೆ ಪಡುವ ಊರೇ ನೌಕಾನೆಲೆಗೆ ಜಮೀನು ಕೊಟ್ಟವರ ಬಾಕಿಯನ್ನೂ ಕೇಳುತ್ತದೆ. ಇವೆರಡಕ್ಕೂ ಜಗಳ ಇಲ್ಲ. ಬಾಕಿ ಕೇಳಿದವರನ್ನು ಸೇನೆಯ ವಿರೋಧಿ ಎನ್ನುವ ಮಾತು ಎಲ್ಲಾದರೂ ಕೇಳಿದರೆ ನನಗೆ ತುಂಬಾ ನೋವಾಗುತ್ತದೆ. ದೇಶದ ರಕ್ಷಣೆಗೆ ಇಡೀ ಹಳ್ಳಿಯನ್ನೇ ಕೊಟ್ಟವರು ಅವರು.

ಈಗ ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಿಮಾನನೆಲೆ ಬರಲಿದೆ. ಅಲ್ಲಿಂದ ಜನಸಾಮಾನ್ಯರ ವಿಮಾನವೂ ಹಾರಬೇಕೆಂಬ ಯೋಜನೆ ಇದೆ. ಇಂಥ ಕಡೆ ರನ್‌ವೇ ನೌಕಾಪಡೆಯದು, ಜನರಿಗೆ ಅದರ ಪಕ್ಕದಲ್ಲಿ ಒಂದು ಟರ್ಮಿನಲ್. ಪಕ್ಕದ ಗೋವಾದ ದಾಬೋಲಿಂ ಹೀಗೇ ನಡೆಯುತ್ತದೆ. ಅಲ್ಲಿ ನೌಕಾಪಡೆಯ ಹಾರಾಟದ ತರಬೇತಿಗಾಗಿ ವಾರದ ಕೆಲಸದ ದಿನಗಳ ಬೆಳಗಿನ ಹೊತ್ತು ಪ್ರಯಾಣಿಕ ವಿಮಾನಗಳಿಗೆ ನಿರ್ಬಂಧ ಇರುವುದು ಎಷ್ಟೋ ವರ್ಷಗಳ ರೂಢಿ. ಅಲಗೇರಿಯಲ್ಲಿ ಯಾವ ಹೊತ್ತು ಯಾರಿಗೆ ಸಿಗುತ್ತದೆ, ಜಮೀನು ಬಿಟ್ಟವರ ಮಕ್ಕಳಿಗೆ ಅಲ್ಲಿ ಎಂಥ ಕೆಲಸ ಸಿಗುತ್ತದೆ ಎಂಬುದನ್ನು ಊರಿನವರು ಈಗಲೇ ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಬೇಕು.