ಹುಬ್ಬಳ್ಳಿಯಲ್ಲಿ ಕೂತು ಐಇಟಿಎಫ್ ಸಭೆಗೆ: ಗುಂಪು ಕೂಡಿಸುವವರಿಗೆ ಟಿಪ್ಪಣಿ

ಇಂಟರ್‌ನೆಟ್ ನಡೆಯುವ ನಿಯಮಗಳನ್ನು ಬರೆಯುವ ಐಇಟಿಎಫ್‌ಗೆ (ಇಂಟರ್‌ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್) ಸದಸ್ಯತ್ವ ಅನ್ನುವುದೇ ಇಲ್ಲ. 1986ರಲ್ಲಿ 21 ಜನ ಸೇರಿ ಶುರು ಮಾಡಿದ ಕೂಟ ಅದು. ಈಗ ವರ್ಷಕ್ಕೆ ಮೂರು ಸಲ, ಮಾರ್ಚ್, ಜುಲೈ, ನವೆಂಬರ್‌ ಹೊತ್ತಿಗೆ ವಾರದ ಸಭೆ ನಡೆಯುತ್ತದೆ. ನಾವು ಇಲ್ಲಿಂದಲೇ ಆನ್‌ಲೈನಿನಲ್ಲಿ ಸೇರಬಹುದು, ಮಾತಾಡಬಹುದು. ಹೆಸರು ನೋಂದಾಯಿಸಿ ಶುಲ್ಕ ಕಟ್ಟಬೇಕು, ಅಷ್ಟೇ. ಆನ್‌ಲೈನ್ ಶುಲ್ಕ ಕಟ್ಟಲಾಗದವರು ವಿನಾಯಿತಿ ಕೇಳಬಹುದು.

ಹಾಗಾದರೆ ಮನೆಯಲ್ಲೇ ನೋಡಿದರಾಯ್ತು, ಒಂದು ಕಡೆ ಗುಂಪು ಕೂಡುವುದು ಯಾಕೆ ಅನಿಸುತ್ತದೆ ಅಲ್ವಾ? ಸುಮ್ನೆ ನೋಡುವುದಾದರೆ ಗುಂಪು ಬೇಡ. ವಿಡಿಯೋ ಆಮೇಲೆ ಯೂಟ್ಯೂಬಿನಲ್ಲಿ ಸಿಗುತ್ತದೆ. ಗುಂಪು ಬೇಕಾಗುವುದು ಬಾಯಿ ಬಿಡಲಿಕ್ಕೆ. ಒಬ್ಬರೇ ಇದ್ದಾಗ ಕೈ ಎತ್ತುವ ಬಟನ್ ಒತ್ತಲು ಧೈರ್ಯ ಸಾಲುವುದಿಲ್ಲ. ಪಕ್ಕದಲ್ಲಿ ಗೆಳೆಯ "ಸರಿ ಐತಿ, ಕೇಳೋ ಮಾರಾಯ" ಅಂದರೆ ಒತ್ತುತ್ತೇವೆ.

ಆದ್ದರಿಂದ ನಿಜವಾದ ಕೆಲಸ ಸಭೆಗೆ ಮೊದಲೇ ಇದೆ. ನಿಯಮಗಳ ಹೊಸ ಕರಡು ಕೊಡುವ ಗಡುವು ಸಭೆಗೆ ಎರಡು ವಾರ ಮುಂಚೆ ಮುಗಿಯುತ್ತದೆ. ಆಗ ಒಂದೇ ಒಂದು ಕರಡನ್ನು ಆರಿಸಿ, ಕೂಡಿ ಓದಿ. ಜಾಸ್ತಿ ಆರಿಸಿದರೆ ಯಾವುದೂ ತಲೆಗೆ ಹತ್ತುವುದಿಲ್ಲ.

ಓದುವ ಅಭ್ಯಾಸಕ್ಕೆ ನಾನು 2010ರ ಆರ್‌ಎಫ್‌ಸಿ 5892 ಹಿಡಿಯಿರಿ ಅನ್ನುತ್ತೇನೆ (ಐಇಟಿಎಫ್ ಪ್ರಕಟಿಸುವ ಬರಹಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ). ವೆಬ್ ವಿಳಾಸದಲ್ಲಿ ಯಾವ ಅಕ್ಷರ ಬರಬಹುದು ಎಂದು ಹೇಳುವ ನಿಯಮ ಅದು. 'ರಾಜ್‌ಕುಮಾರ್' ಎಂದು ಬರೆಯಿರಿ. ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತಿದೆ. ಅದನ್ನು ತೆಗೆದರೆ ಕ ಒತ್ತಕ್ಷರವಾಗಿ 'ರಾಜ್ಕುಮಾರ್' ಆಗುತ್ತದೆ. 2003ರ ನಿಯಮ ಆ ಗುರುತನ್ನು ಅಳಿಸಿಬಿಡುತ್ತಿತ್ತು. 2010ರದ್ದು ಅರ್ಧಾಕ್ಷರದ ನಂತರ ಬಂದರೆ ಇರಲಿ ಅನ್ನುತ್ತದೆ. ವಿಳಾಸ ಕೊಡುವ ಸಂಸ್ಥೆ ಒಪ್ಪುತ್ತದೋ ಇಲ್ಲವೋ ಅನ್ನುವುದು ಬೇರೆ ಮಾತು. ಇಂಥ ತೊಡಕು ಕನ್ನಡ ಓದುವವರ ಕಣ್ಣಿಗೆ ಬೀಳುವಷ್ಟು ಬೇರೆಯವರಿಗೆ ಬೀಳುವುದಿಲ್ಲ. ನಾವು ಆ ಸಭೆಯಲ್ಲಿ ಇರಲೇಬೇಕು ಅಂತ ನನಗೆ ಅನಿಸಿದ್ದೇ ಇದರಿಂದ.

ಇನ್ನು ಸಮಯ. ಜುಲೈ ಸಭೆ ವಿಯೆನ್ನಾದಲ್ಲಿದ್ದರೆ ಅಲ್ಲಿನ ಬೆಳಿಗ್ಗೆ 9:30 ನಮಗೆ ಮಧ್ಯಾಹ್ನ 1 ಗಂಟೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದರೆ ರಾತ್ರಿ 10. ಮುಗಿಯುವ ಹೊತ್ತಿಗೆ ಧಾರವಾಡದವರಿಗೆ ವಾಪಸ್ ಹೋಗಲು ಚಿಗರಿ ಬಸ್ ಸಿಗುವುದಿಲ್ಲ. ಬೆಳಗಿನ ತನಕ ಇರಲು ಆಗುವ ಮನೆಯನ್ನೇ ಹುಡುಕಿ. ಚಹಾ, ಚುರುಮುರಿ ಇರಲಿ. ಇನ್ವರ್ಟರಿಗೆ ವೈಫೈ ರೂಟರ್ ಕೂಡ ಜೋಡಿಸಿದೆಯೇ ನೋಡಿಕೊಳ್ಳಿ.

ಕೋಣೆಯಲ್ಲಿ ಒಂದೇ ಸ್ಪೀಕರ್, ಒಂದೇ ಮೈಕ್. ಇಲ್ಲದಿದ್ದರೆ ದನಿ ಮಾರ್ದನಿಯಾಗಿ ಕಿವಿ ಕಿತ್ತುಹೋಗುತ್ತದೆ. ಉಳಿದವರು ತಮ್ಮ ತಮ್ಮ ಮೊಬೈಲಿನಲ್ಲಿ, ಸದ್ದು ಬಂದ್ ಮಾಡಿ, ಲಾಗಿನ್ ಆಗಿರಬೇಕು. ಹಾಜರಿ ಒಬ್ಬೊಬ್ಬರ ಹೆಸರಿನಲ್ಲಿ ದಾಖಲಾಗುತ್ತದೆ. ಅಭಿಪ್ರಾಯ ಕೇಳಿದಾಗ ಕೈ ಎತ್ತುವುದೂ ಅಲ್ಲಿಂದಲೇ.

ಆ ಕೈ ಎತ್ತುವುದು ಮತದಾನವಲ್ಲ. ಐಇಟಿಎಫ್‌ನಲ್ಲಿ ಮತ ಎಣಿಸುವ ಪದ್ಧತಿ ಇಲ್ಲ. ಹಿಂದಿನಿಂದಲೂ ಸಭೆಯಲ್ಲಿ ಒಪ್ಪಿದವರು ಬಾಯಿ ಮುಚ್ಚಿ ಗುಂಯ್ ಎನ್ನುತ್ತಾರೆ, ಅಧ್ಯಕ್ಷರು ಕಿವಿಗೊಟ್ಟು ಅಂದಾಜು ಮಾಡುತ್ತಾರೆ. ಒಬ್ಬರೇ ತಕರಾರು ಎತ್ತಿದರೂ ಅದರಲ್ಲಿ ತಾಂತ್ರಿಕ ಹುರುಳಿದ್ದರೆ ಉತ್ತರ ಕೊಡಲೇಬೇಕು. ನಾವು ಐದೇ ಜನ ಅಂತ ಹಿಂಜರಿಯಬೇಡಿ.

ನಿಮ್ಮ ಸರದಿ ಬಂದಾಗ ಮೊದಲು ಹೆಸರು ಹೇಳಿ, ನಡಾವಳಿ ಬರೆಯುವವರಿಗೆ ಬೇಕು. ಸರದಿ ಬರುವ ಮೊದಲೇ ಹೊತ್ತು ಮುಗಿದರೆ ಪ್ರಶ್ನೆಯನ್ನು ಬಿಡಬೇಡಿ. ಕೊನೆಯ ತೀರ್ಮಾನ ಸಭೆಯಲ್ಲಿ ಆಗುವುದಿಲ್ಲ, ಇಮೇಲ್ ಪಟ್ಟಿಯಲ್ಲಿ ಎಲ್ಲರನ್ನೂ ಕೇಳಿ ಆಗುತ್ತದೆ. ಮರುದಿನ ನಿದ್ದೆ ಮುಗಿಸಿ, ಐದು ಸಾಲಿನಲ್ಲಿ ಬರೆದು ಆ ಪಟ್ಟಿಗೆ ಕಳಿಸಿ.